ರೀವೈಂಡಿಂಗ್ ಅಂಗಡಿಯ ಬ್ಲಾಗು: ಬಿಚ್ಚಿ ಮತ್ತೆ ಕಟ್ಟಿದ ವಿವರ

2021ರ ಮೇ ತಿಂಗಳಲ್ಲಿ ಲಾಕ್‌ಡೌನ್ ಜಾರಿಯಾಗಿ ಮುಧೋಳದಲ್ಲಿ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತುವ ನಮ್ಮ ರೀವೈಂಡಿಂಗ್ ಅಂಗಡಿಗೆ ತಾಮ್ರದ ತಂತಿ ಬರುವುದು ನಿಂತು, ಕೈಗೆ ಕೆಲಸವಿಲ್ಲದೆ ಕುಳಿತಿದ್ದಾಗ ನಾನೊಂದು ಬ್ಲಾಗ್ ಆರಂಭಿಸಿದೆ. ತಂದೆಯವರು ಬರೆದಿಟ್ಟಿದ್ದ ವೈಂಡಿಂಗ್ ಲೆಕ್ಕಗಳು, ಮೋಟರನ್ನು ಚಾಲೂ ಮಾಡುವ ಸ್ಟಾರ್ಟರ್ ಪೆಟ್ಟಿಗೆಯ ಜೋಡಣೆಯ ನಕ್ಷೆಗಳು, ನಾನು ಐಟಿಐಯಲ್ಲಿ ಕಲಿತ ಪಾಠಗಳು, ಇವನ್ನೆಲ್ಲ ಕನ್ನಡದಲ್ಲಿ ಹಾಕಿದರೆ ಓದುವವರು ಬರುತ್ತಾರೆ, ಜಾಹೀರಾತಿನಿಂದ ನಾಲ್ಕು ಕಾಸೂ ಕೈಗೆ ಹತ್ತುತ್ತದೆ ಎಂಬುದು ಆಗಿನ ಲೆಕ್ಕಾಚಾರವಾಗಿತ್ತು. ಎರಡು ವರ್ಷಗಳಲ್ಲಿ 31 ಲೇಖನಗಳಾದವು. ಬಂದ ಹಣ ಸೊನ್ನೆ. 2023ರ ಜುಲೈಯಲ್ಲಿ ಅದನ್ನು ಅಳಿಸಿಹಾಕಲು ಹೊರಟಿದ್ದೆ. ಆದರೆ ಸುಟ್ಟ ಮೋಟರನ್ನೂ ಬಿಚ್ಚಿ ನೋಡದೆ ಗುಜರಿಗೆ ಹಾಕುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ, ಇದನ್ನೂ ಒಮ್ಮೆ ಬಿಚ್ಚಿ ನೋಡೋಣವೆಂದು ಕುಳಿತೆ.

ಮೊದಲ ತಪಾಸಣೆ

ಮೋಟರ್ ಬಂದ ಕೂಡಲೇ ಬೋಲ್ಟು ಬಿಚ್ಚುವುದಿಲ್ಲ, ಮೊದಲು ಮೆಗ್ಗರ್ ಎಂಬ ಮಾಪಕ ಹಿಡಿದು ಇನ್ಸುಲೇಶನ್, ಅಂದರೆ ಕರೆಂಟು ಸೋರದಂತೆ ತಡೆಯುವ ಹೊದಿಕೆ, ಸರಿಯಿದೆಯೇ ನೋಡುತ್ತೇವೆ. ಬ್ಲಾಗಿನ ಮಟ್ಟಿಗೆ ಆ ಮೆಗ್ಗರ್ ಎಂದರೆ ಗೂಗಲ್ ಸರ್ಚ್ ಕನ್ಸೋಲ್. ಅದು ಉಚಿತ, ತಾಣದ ಒಡೆಯರು ನಾವೇ ಎಂದು ಸಾಬೀತುಪಡಿಸಿದ ಮೇಲೆ ಯಾವ ಪುಟ ಹುಡುಕಾಟದ ಸೂಚಿಗೆ ಸೇರಿದೆ, ಯಾವ ಪದ ಹುಡುಕಿದವರಿಗೆ ಅದು ಕಾಣಿಸಿದೆ, ಎಷ್ಟು ಮಂದಿ ಒತ್ತಿದ್ದಾರೆ ಎಂಬುದನ್ನು ತೋರಿಸುತ್ತದೆ. ಎರಡು ವರ್ಷ ನಾನದನ್ನು ಜೋಡಿಸಿಯೇ ಇರಲಿಲ್ಲ. ಜೋಡಿಸಿ, ತಾಣದ ಪುಟಗಳ ಪಟ್ಟಿಯಾದ ಸೈಟ್‌ಮ್ಯಾಪ್ ಸಲ್ಲಿಸಿ, ಎರಡು ವಾರ ಬಿಟ್ಟು ನೋಡಿದಾಗ 31ರಲ್ಲಿ 9 ಪುಟಗಳು ಮಾತ್ರ ಸೂಚಿಯಲ್ಲಿದ್ದವು. ಅದಕ್ಕಿಂತ ವಿಚಿತ್ರವೆಂದರೆ, ಪ್ರತಿಯೊಂದು ಲೇಖನದಲ್ಲೂ ಹತ್ತಾರು ಬಾರಿ ಬರುವ ‘ಸ್ಟಾರ್ಟರ್’ ಎಂಬ ಪದಕ್ಕೆ ನನ್ನ ಒಂದು ಪುಟವೂ ಕಾಣಿಸಿರಲಿಲ್ಲ.

ಇದರ ಕಾರಣ ಹಿಡಿಯಲು ಮೂರು ದಿನ ಬೇಕಾದವು. ನಮ್ಮ ಹಳೆಯ ಟಿಪ್ಪಣಿಗಳೆಲ್ಲ ನುಡಿ ತಂತ್ರಾಂಶದ ಹಳೆಯ ಫಾಂಟುಗಳಲ್ಲಿದ್ದವು. ಆ ಫಾಂಟುಗಳಲ್ಲಿ ಒಳಗೆ ಕೂಡುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲೆ ಕಾಣುವ ಚಿತ್ರ ಮಾತ್ರ ಕನ್ನಡ. ಅವನ್ನು ನಾನು ಪರಿವರ್ತಕದ ಮೂಲಕ, ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತವಿರುವ ಯೂನಿಕೋಡಿಗೆ ತಂದಿದ್ದೆ, ಆದರೆ ಸಾಲು ಸಾಲಾಗಿ ತಿದ್ದಿರಲಿಲ್ಲ. ಜೊತೆಗೆ ಹೊಸದಾಗಿ ಟೈಪ್ ಮಾಡುವಾಗಲೂ ಒಂದು ಕೆಟ್ಟ ಅಭ್ಯಾಸವಿತ್ತು: ಅರ್ಕಾವತ್ತು ಬೇಕಾದಲ್ಲಿ ಕನ್ನಡದ ಒಂಬತ್ತನ್ನು, ಅನುಸ್ವಾರದ ಸೊನ್ನೆ ಬೇಕಾದಲ್ಲಿ ಕನ್ನಡದ ಅಂಕಿ ಸೊನ್ನೆಯನ್ನು ಒತ್ತಿಬಿಡುತ್ತಿದ್ದೆ. ‘ಸ್ಟಾಟ೯ರ್’ ಎಂದು ಬರೆದರೂ ಕಣ್ಣು ಅದನ್ನು ಸ್ಟಾರ್ಟರ್ ಎಂದೇ ಓದಿಕೊಳ್ಳುತ್ತದೆ. ‘ವೈ೦ಡಿ೦ಗ್’ ಮತ್ತು ‘ವೈಂಡಿಂಗ್’ ಪರದೆಯ ಮೇಲೆ ಅಕ್ಕಪಕ್ಕ ಇಟ್ಟರೂ ವ್ಯತ್ಯಾಸ ಗೊತ್ತಾಗುವುದು ಕಷ್ಟ. ಯಂತ್ರಕ್ಕೆ ಅವು ಬೇರೆ ಬೇರೆ ಪದಗಳು. ಹೀಗಾಗಿ 31 ಲೇಖನಗಳಲ್ಲಿ ಅತಿ ಮುಖ್ಯವಾದ ಎರಡು ಪದಗಳೇ ಮುರಿದು ಬಿದ್ದಿದ್ದವು.

ದುರಸ್ತಿಯೂ ಒಂದೇ ಏಟಿಗೆ ಆಗುವಂಥದ್ದಲ್ಲ. ಸೊನ್ನೆಯ ಅಂಕಿಯ ಹಿಂದೆ ಅಕ್ಷರವಿದ್ದರೆ ಅದನ್ನು ಅನುಸ್ವಾರಕ್ಕೆ ಬದಲಿಸಬಹುದು. ಒಂಬತ್ತರದು ಹಾಗಲ್ಲ: ಯೂನಿಕೋಡಿನಲ್ಲಿ ‘ರ್’ ಎಂಬುದು ವ್ಯಂಜನಕ್ಕಿಂತ ಮೊದಲು ಬರಬೇಕು, ನಾನು ಒತ್ತಿದ ಒಂಬತ್ತು ವ್ಯಂಜನದ ನಂತರ ಕುಳಿತಿತ್ತು, ಬರೀ ಹುಡುಕಿ ಬದಲಿಸಿದರೆ ‘ವಷ೯’ ಎಂಬುದು ‘ವಷರ್’ ಆಗುತ್ತದೆ. ಕೊನೆಗೆ ಪದಗಳ ಪಟ್ಟಿ ಮಾಡಿಕೊಂಡು ಒಂದೊಂದಾಗಿ ಬದಲಿಸಿದೆ. ಇದಕ್ಕೆ ಹನ್ನೊಂದು ಸಂಜೆಗಳು ಹೋದವು. ಹಳೆಯ ಕನ್ನಡ ಟೈಪಿಂಗಿನಿಂದ ಬಂದವರು ಬೇರೇನನ್ನೂ ಮುಟ್ಟುವ ಮೊದಲು ಈ ಎರಡು ಅಂಕಿಗಳನ್ನು ತಮ್ಮ ಪುಟಗಳಲ್ಲಿ ಹುಡುಕಿ ನೋಡುವುದು ಒಳ್ಳೆಯದು.

ವಿಳಾಸ ಮತ್ತು ಮೇಲ್ನೋಟ

ನಾನು ಬಳಸುತ್ತಿರುವುದು ಗೂಗಲ್‌ನ ಬ್ಲಾಗರ್. ಅದಕ್ಕೆ ಬಾಡಿಗೆಯಿಲ್ಲ. ಹೋಸ್ಟಿಂಗ್ ಕೊಂಡು ವರ್ಡ್‌ಪ್ರೆಸ್ ಹಾಕಿಕೊಳ್ಳಿ ಎಂದು ಹೇಳಿದವರು ಬಹಳ ಮಂದಿ. ಮೊದಲ ವರ್ಷದ ಅಗ್ಗದ ದರ ನೋಡಿ ಕೊಂಡ ಪರಿಚಯದವರೊಬ್ಬರು ಎರಡನೆಯ ವರ್ಷದ ನವೀಕರಣದ ಮೊತ್ತ ನೋಡಿ ಕೈಬಿಟ್ಟಿದ್ದರಿಂದ ನಾನು ಆ ಗೋಜಿಗೆ ಹೋಗಲಿಲ್ಲ. ಒಂದು ಡಾಟ್ ಇನ್ ವಿಳಾಸವನ್ನಷ್ಟೇ ಖರೀದಿಸಿ ಜೋಡಿಸಿದೆ. ವಿಳಾಸವನ್ನು ಬ್ಲಾಗಿಗೆ ಜೋಡಿಸುವ ಎರಡು ಸಿ-ನೇಮ್ ದಾಖಲೆಗಳು, ನಾಲ್ಕು ಎ ದಾಖಲೆಗಳು, ಆಮೇಲೆ ಸುರಕ್ಷಿತ ಸಂಪರ್ಕದ ಎಚ್‌ಟಿಟಿಪಿಎಸ್ ಆಯ್ಕೆ. ಅರ್ಧ ದಿನದಲ್ಲಿ ಮುಗಿಯಿತು. ಡಬ್ಲ್ಯೂಗಳಿಲ್ಲದೆ ವಿಳಾಸ ಒತ್ತಿದವರನ್ನು ಡಬ್ಲ್ಯೂಗಳಿರುವ ವಿಳಾಸಕ್ಕೆ ಕಳುಹಿಸುವ ಗುಂಡಿಯನ್ನು ಒತ್ತಲು ಮರೆತು, ಅಂಗಡಿಯ ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿದ್ದ ವಿಳಾಸ ಮೂರು ವಾರ ತೆರೆಯದೇ ಇದ್ದದ್ದು ನನ್ನದೇ ತಪ್ಪು.

ಲೇಖನಗಳ ವಿಳಾಸಗಳದು ಬೇರೆ ಕತೆ. ಶೀರ್ಷಿಕೆ ಪೂರ್ತಿ ಕನ್ನಡದಲ್ಲಿದ್ದರೆ ಬ್ಲಾಗರ್ ಅದರಿಂದ ವಿಳಾಸ ಮಾಡಲಾರದೆ ಎಲ್ಲಕ್ಕೂ ‘ಬ್ಲಾಗ್-ಪೋಸ್ಟ್’ ಎಂದು ಹೆಸರಿಟ್ಟು ಹಿಂದೆ ಒಂದು ಅಂಕಿ ಅಂಟಿಸುತ್ತದೆ. ನನ್ನ ಲೇಖನಗಳೆಲ್ಲ ಹೀಗೆ ಒಂದೇ ಹೆಸರಿನ ಅವಳಿಗಳಾಗಿದ್ದವು. ಪ್ರಕಟಿಸುವ ಮೊದಲೇ ‘ಕಸ್ಟಮ್ ಪರ್ಮಾಲಿಂಕ್’ ಎಂಬಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಎರಡು ಮೂರು ಪದ ಬರೆಯಬೇಕು. ವಿಳಾಸಗಳನ್ನು ಕನ್ನಡದಲ್ಲೇ ಇಡಬಹುದಾದ ತಾಣಗಳೂ ಇವೆ, ಆದರೆ ಯೂನಿಕೋಡ್ ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದು ಅಕ್ಷರಸಂಕೇತಕ್ಕೆ ಮೂರು ಬೈಟ್ ಬೇಕು, ವಿಳಾಸದಲ್ಲಿ ಪ್ರತಿ ಬೈಟೂ ಪ್ರತಿಶತ ಚಿಹ್ನೆಯೊಂದಿಗೆ ಮೂರು ಸ್ಥಾನ ಹಿಡಿಯುತ್ತದೆ. ಒಂದು ‘ಕ’ ಬರೆದರೆ ಒಂಬತ್ತು ಸ್ಥಾನ. ವಾಟ್ಸಾಪಿನಲ್ಲಿ ಹಂಚಿದಾಗ ಅದು ನಾಲ್ಕು ಸಾಲಿನ ಮಾಟದ ಮಂತ್ರದಂತೆ ಕಾಣುತ್ತದೆ, ರೈತರು ಅದನ್ನು ಒತ್ತಲು ಹೆದರುತ್ತಾರೆ. ಹಳೆಯ ಪುಟಗಳ ವಿಳಾಸ ಬದಲಿಸಿ, ಹಳೆಯದಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ರಿಡೈರೆಕ್ಟುಗಳನ್ನು ಸೆಟ್ಟಿಂಗ್ಸಿನಲ್ಲಿ ಬರೆದೆ.

ಥೀಮ್ ಇಂಗ್ಲಿಷಿಗೆ ಹೊಲಿದ ಅಂಗಿಯಾಗಿತ್ತು. ಸಾಲುಗಳ ಅಂತರ 1.2 ಇದ್ದದ್ದರಿಂದ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಣಿತದ ನೆತ್ತಿಗೆ ತಾಗುತ್ತಿತ್ತು, ಅದನ್ನು 1.7ಕ್ಕೆ ಏರಿಸಿದೆ. ಶೀರ್ಷಿಕೆಗಳಲ್ಲಿ ಅಕ್ಷರಗಳ ನಡುವೆ ಇಟ್ಟಿದ್ದ ಹೆಚ್ಚುವರಿ ಅಂತರವನ್ನು ಸೊನ್ನೆ ಮಾಡಿದೆ. ಫೋಟೋಗಳು ಫೋನಿನಿಂದ ಬಂದಂತೆಯೇ ನಾಲ್ಕು ನಾಲ್ಕು ಎಂಬಿ ಇದ್ದವು. ಅವುಗಳ ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ಹಗುರವಾದ ವೆಬ್‌ಪಿ ರೂಪಕ್ಕೆ ತಂದು, ಒಂದೊಂದೂ ನೂರು ಕೆಬಿಯ ಆಸುಪಾಸಿಗೆ ಬರುವಂತೆ ನೋಡಿಕೊಂಡೆ. ಇದು ಶೋಕಿಯ ಮಾತಲ್ಲ. ನನ್ನ ಓದುಗ ಪುಟ ತೆರೆಯುವುದು ಹೊಲದಲ್ಲಿ, ಸ್ಟಾರ್ಟರ್ ಪೆಟ್ಟಿಗೆಯ ಎದುರು ನಿಂತು. ನೀರಾವರಿಯ ತ್ರೀಫೇಸ್ ಕರೆಂಟು ಪಾಳಿಯ ಮೇಲೆ ಬರುವುದರಿಂದ ಅದು ರಾತ್ರಿ ಎರಡು ಗಂಟೆಯೂ ಆಗಿರಬಹುದು. ಭೇಟಿಗಳ ಗಂಟೆವಾರು ನಕ್ಷೆ ನೋಡಿದರೆ ನಡುರಾತ್ರಿಯಲ್ಲಿ ಒಂದು ಗುಡ್ಡ ಎದ್ದು ಕಾಣುತ್ತದೆ.

ಶೀರ್ಷಿಕೆಗಳು

ಇಷ್ಟೆಲ್ಲ ಆದ ಮೇಲೂ ಭೇಟಿ ದಿನಕ್ಕೆ ಹತ್ತನ್ನು ದಾಟಲಿಲ್ಲ. ಮುಖ್ಯ ದೋಷ ಇನ್ನೂ ಒಳಗಿತ್ತು. ನನ್ನ ಶೀರ್ಷಿಕೆಗಳು ‘ತ್ರಿಹಂತ ಪ್ರೇರಣ ಮೋಟರಿನ ದೋಷಪತ್ತೆ ವಿಧಾನಗಳು’ ಎಂಬ ಜಾತಿಯವು. ಐಟಿಐಯ ಪರೀಕ್ಷೆ ಬರೆಯುವವರೂ ಹಾಗೆ ಹುಡುಕುವುದಿಲ್ಲ.

ಅಂಗಡಿಯಲ್ಲಿ ಒಂದು ಜಾಬ್ ಪುಸ್ತಕವಿದೆ. ಮೋಟರ್ ತಂದವರು ಹೇಳಿದ ದೂರನ್ನು ಅವರ ಮಾತಿನಲ್ಲೇ ಬರೆದುಕೊಳ್ಳುವ ರೂಢಿಯನ್ನು ಹಾಕಿದವರು ತಂದೆಯವರು. ನಮ್ಮ ಭಾಷೆಗೆ ತಿರುಗಿಸಿದರೆ ಅರ್ಧ ಸುಳಿವು ಕಳೆದುಹೋಗುತ್ತದೆ ಎಂದು ಅವರು ಹೇಳುತ್ತಿದ್ದರು. ಆ ಪುಸ್ತಕದ ಮೂರು ತಿಂಗಳ ಪುಟಗಳನ್ನು ಎದುರಿಗಿಟ್ಟುಕೊಂಡು ಕುಳಿತೆ. ‘ಮೋಟರ್ ಗುಂಯ್ ಅಂತೈತ್ರಿ, ತಿರಗವಲ್ದು.’ ‘ಸ್ಟಾರ್ಟರ್ ನಿಂದ್ರವಲ್ದ್ರಿ.’ ‘ಹತ್ತ ಮಿನಿಟ್ ನೀರ್ ಬರ್ತೈತಿ, ಆಮ್ಯಾಲ ಬಂದ್.’ ‘ಕಂಡೆನ್ಸರ್ ಹಾಕಿದ್ರೂ ಅಷ್ಟ ಐತಿ.’ ಇವೆಲ್ಲ ನನ್ನ ಹಳೆಯ ಲೇಖನಗಳ ವಿಷಯವೇ, ಆದರೆ ಒಂದು ಪದವೂ ಹೊಂದುತ್ತಿರಲಿಲ್ಲ. ಕೆಪ್ಯಾಸಿಟರ್ ಎಂದು ನಾನು ಬರೆದದ್ದನ್ನು ಊರೆಲ್ಲ ಕಂಡೆನ್ಸರ್ ಎನ್ನುತ್ತದೆ. ಅದೂ ಈಗ ಬಹಳ ಮಂದಿ ಟೈಪ್ ಮಾಡದೆ ಫೋನಿಗೆ ಬಾಯಲ್ಲೇ ಹೇಳಿ ಹುಡುಕುತ್ತಾರೆ.

ಪೂರ್ತಿ ಆಡುಮಾತಿನಲ್ಲಿ ಶೀರ್ಷಿಕೆ ಕೊಟ್ಟರೆ ಮೈಸೂರು, ಶಿವಮೊಗ್ಗದ ಕಡೆಯವರಿಗೆ ತಲುಪುವುದಿಲ್ಲ. ಹಾಗಾಗಿ ‘ಮೋಟರ್ ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ: ಏನು ನೋಡಬೇಕು?’ ಎಂಬ ನಡುದಾರಿ ಹಿಡಿದೆ. ಮೋಟಾರ್, ಮೋಟಾರು, ಮೋಟರು ಎಂಬ ಬೇರೆ ಬರಹದ ರೂಪಗಳನ್ನು ಲೇಖನದೊಳಗೆ ಸಹಜವಾಗಿ ಬರುವಲ್ಲಿ ಬಳಸಿದೆ. 31 ಲೇಖನಗಳಲ್ಲಿ 12ನ್ನು ತೆಗೆದುಹಾಕಿ, ಉಳಿದವನ್ನು ಒಂದು ದೂರಿಗೆ ಒಂದು ಪುಟದಂತೆ ಮರುಬರೆದೆ.

ಇವುಗಳಲ್ಲಿ ಇಡೀ ಬ್ಲಾಗನ್ನು ಎತ್ತಿ ನಿಲ್ಲಿಸಿದ್ದು ರಿಲೇಯ ಪುಟ. ಸ್ಟಾರ್ಟರ್ ಪದೇ ಪದೇ ಬೀಳುತ್ತದೆ, ಅಂದರೆ ತಾನಾಗಿ ಬಂದ್ ಆಗುತ್ತದೆ ಎಂದು, ಕರೆಂಟು ಮಿತಿ ಮೀರಿದರೆ ಮೋಟರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯ ತಿರುಪನ್ನು ಕೊನೆಯವರೆಗೆ ತಿರುಗಿಸಿಡುವುದು ನಮ್ಮ ಭಾಗದಲ್ಲಿ ಮನೆಮದ್ದಿನಂತೆ ನಡೆದುಬಂದಿದೆ. ಮೋಟರನ್ನು ಮೊದಲು ಕಡಿಮೆ ವೋಲ್ಟೇಜಿನಲ್ಲಿ ಎಬ್ಬಿಸಿ ಆಮೇಲೆ ಪೂರ್ತಿಗೆ ಬದಲಿಸುವ ಸ್ಟಾರ್-ಡೆಲ್ಟಾ ಸ್ಟಾರ್ಟರಿನಲ್ಲಿ ರಿಲೇ ಸಾಮಾನ್ಯವಾಗಿ ವೈಂಡಿಂಗಿನ ದಾರಿಯಲ್ಲೇ ಕುಳಿತಿರುವುದರಿಂದ ಅದರ ಮೂಲಕ ಹರಿಯುವುದು ಲೈನ್ ಕರೆಂಟಿನ ಶೇಕಡ 58ರಷ್ಟು ಮಾತ್ರ. ನೇಮ್‌ಪ್ಲೇಟಿನಲ್ಲಿ 15 ಆಂಪಿಯರ್ ಎಂದಿದ್ದರೆ ರಿಲೇ 8.7ರಲ್ಲಿರಬೇಕು, 15ಕ್ಕೆ ಇಟ್ಟರೆ ಸ್ಟಾರ್ಟರ್ ಬೀಳುವುದು ನಿಲ್ಲುತ್ತದೆ, ವೋಲ್ಟೇಜ್ ಇಳಿದ ಸಂಜೆಯೋ ಒಂದು ಫೇಸ್ ಹೋದ ರಾತ್ರಿಯೋ ಮೋಟರ್ ಸುಟ್ಟು ನಮ್ಮ ಅಂಗಡಿಗೆ ಬರುತ್ತದೆ. ಇದನ್ನು ಬರೆದರೆ ನಮ್ಮ ಹೊಟ್ಟೆಯ ಮೇಲೆ ನಾವೇ ಹೊಡೆದುಕೊಂಡಂತಲ್ಲವೇ ಎಂದು ತಮ್ಮ ಕೇಳಿದ. ಬರೆದೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾಗಿದ್ದವು. ಮುಂದಿನ ಬೇಸಿಗೆಯಲ್ಲಿ ಬೋರುಗಳ ನೀರು ಇಳಿದು ಮೋಟರುಗಳು ಒಣಗಿ ಓಡತೊಡಗಿದಾಗ ಆ ಒಂದೇ ಪುಟಕ್ಕೆ ದಿನಕ್ಕೆ ಮುನ್ನೂರು ಮಂದಿ ಬಂದರು. ಜೂನ್ ಮಳೆಗೆ ಭೇಟಿಗಳು ಕಾಲು ಭಾಗಕ್ಕಿಳಿದವು. ಈ ಏರಿಳಿತ ಪ್ರತಿ ವರ್ಷ ಬರುತ್ತದೆಂದು ಗೊತ್ತಿದ್ದರೆ ಮಳೆಗಾಲದಲ್ಲಿ ಎದೆಗುಂದುವುದಿಲ್ಲ, ಹೊಸ ಪುಟಗಳನ್ನು ಜನವರಿಯೊಳಗೆ ಮುಗಿಸಿಡುವ ಬುದ್ಧಿಯೂ ಬರುತ್ತದೆ.

ಜಾಹೀರಾತು ಕೂರಿಸಿದ್ದು

ತಾಣಗಳಲ್ಲಿ ಜಾಹೀರಾತು ಹಾಕಿ ಒಡೆಯರಿಗೆ ಹಣ ಕೊಡುವ ಗೂಗಲ್‌ನ ಆಡ್‌ಸೆನ್ಸ್ ಬೆಂಬಲಿಸುವ ಭಾಷೆಗಳ ಪಟ್ಟಿಯಲ್ಲಿ ಹಿಂದಿ 2014ರಲ್ಲೇ ಇತ್ತು, ತಮಿಳು 2018ರಲ್ಲಿ ಸೇರಿತು. ಕನ್ನಡ ತಡವಾಗಿಯಾದರೂ ಈಗ ಅದರಲ್ಲಿದೆ. ನನ್ನ ಮೊದಲ ಅರ್ಜಿ ತಿರಸ್ಕೃತವಾಯಿತು, ಅದಕ್ಕೆ ಕಾರಣವೂ ಸರಿಯಾಗಿಯೇ ಇತ್ತು: ಆಗಿನ್ನೂ ಉಳಿದುಕೊಂಡಿದ್ದ ಆರು ಪುಟಗಳು ಪಂಪುಗಳ ಕ್ಯಾಟಲಾಗನ್ನು ಕನ್ನಡಕ್ಕಿಳಿಸಿದ ಸಾಲುಗಳು, ಚಿತ್ರಗಳೂ ಅಲ್ಲಿಂದಲೇ ಎತ್ತಿದವು. ಅವನ್ನು ಕಿತ್ತುಹಾಕಿ, ಎಲ್ಲ ಚಿತ್ರಗಳನ್ನು ನಮ್ಮ ಮೇಜಿನ ಮೇಲೆ ತೆಗೆದ ಫೋಟೋಗಳಿಂದ ಬದಲಿಸಿ, ನಾವು ಯಾರು, ಸಂಪರ್ಕ ಹೇಗೆ, ಕುಕೀಗಳ ಬಳಕೆ ಏನು ಎಂಬ ಮೂರು ಪುಟಗಳನ್ನು ಸೇರಿಸಿ 2023ರ ನವೆಂಬರಿನಲ್ಲಿ ಮತ್ತೆ ಸಲ್ಲಿಸಿದೆ. ಒಪ್ಪಿಗೆ ಬಂತು. ತಾಣದ ಜಾಹೀರಾತು ಜಾಗವನ್ನು ಮಾರಲು ಯಾರಿಗೆ ಒಪ್ಪಿಗೆಯಿದೆ ಎಂದು ಹೇಳುವ ಆಡ್ಸ್ ಡಾಟ್ ಟಿಎಕ್ಸ್‌ಟಿ ಎಂಬ ಕಡತದ ಒಂದು ಸಾಲನ್ನು ಬ್ಲಾಗರ್ ಸೆಟ್ಟಿಂಗ್ಸಿನಲ್ಲಿ ಅಂಟಿಸುವುದನ್ನು ಬಿಟ್ಟರೆ ಬೇರೆ ಕಷ್ಟವಿರಲಿಲ್ಲ.

ಕಷ್ಟ ಬಂದದ್ದು ಜಾಹೀರಾತುಗಳನ್ನು ತಾನಾಗಿ ಹಾಕುವ ವ್ಯವಸ್ಥೆಯನ್ನು ಚಾಲೂ ಮಾಡಿದಾಗ. ಸ್ಟಾರ್ಟರ್ ಪರೀಕ್ಷೆಯ ಮೂರನೆಯ ಮತ್ತು ನಾಲ್ಕನೆಯ ಹಂತಗಳ ನಡುವೆ ಒಂದು ಜಾಹೀರಾತು ಬಂದು ಕುಳಿತಿತ್ತು. ಮೂರನೆಯ ಹಂತ ಪೆಟ್ಟಿಗೆ ತೆರೆಯುವುದು, ನಾಲ್ಕನೆಯದು ಮೇನ್ ಸ್ವಿಚ್ ನಿಜವಾಗಿ ಬಂದ್ ಆಗಿದೆಯೇ ಎಂದು ಟೆಸ್ಟರಿನಿಂದ ಖಚಿತಪಡಿಸಿಕೊಳ್ಳುವುದು. ಓದುವವನು ಅಲ್ಲಿ ಜಾಹೀರಾತನ್ನು ಒತ್ತಿ ಬೇರೆಡೆ ಹೋಗಿ, ಮರಳಿ ಬಂದಾಗ ಐದನೆಯ ಹಂತದಲ್ಲಿ ಇಳಿದರೆ ಕೈ ಹೋಗುವುದು 415 ವೋಲ್ಟಿನ ಮೇಲೆ. ಅದೇ ಸಂಜೆ ಆ ವ್ಯವಸ್ಥೆಯನ್ನು ಬಂದ್ ಮಾಡಿ, ಪರದೆಯ ತಳಕ್ಕೆ ಅಂಟಿಕೊಳ್ಳುವ ಪಟ್ಟಿಯನ್ನೂ ತೆಗೆದು, ಪ್ರತಿ ಪುಟದಲ್ಲಿ ಎರಡೇ ಜಾಗ ಉಳಿಸಿದೆ: ಹಂತಗಳು ಆರಂಭವಾಗುವ ಮೊದಲು ಒಂದು, ಎಲ್ಲ ಮುಗಿದ ಮೇಲೆ ಒಂದು. ನಾಲ್ಕನೆಯ ಹಂತವನ್ನು ಎರಡನೆಯದಕ್ಕೆ ತಂದೆ. ಅದು ಮೊದಲಿಂದಲೂ ಅಲ್ಲೇ ಇರಬೇಕಿತ್ತು. ಗಳಿಕೆ ಕಡಿಮೆಯಾಗಿರಬಹುದು, ಅದರ ಲೆಕ್ಕ ನಾನು ಹಾಕಿಲ್ಲ.

ಅಕ್ಕನ ಮಗ ಉತ್ಸಾಹದಿಂದ ತನ್ನ ಗೆಳೆಯರನ್ನೆಲ್ಲ ಕೂಡಿಸಿಕೊಂಡು ಜಾಹೀರಾತು ಒತ್ತತೊಡಗಿದ್ದ. ಸ್ವಂತ ಕ್ಲಿಕ್ಕು, ಮನೆಯವರ ಕ್ಲಿಕ್ಕು ಎರಡೂ ನಿಷಿದ್ಧ, ಅದರಿಂದ ಖಾತೆಯೇ ಮುಚ್ಚಿಹೋಗಬಹುದು. ಅವನನ್ನು ಕೂರಿಸಿ ತಿಳಿಹೇಳಬೇಕಾಯಿತು. ಅದೂ ಅಲ್ಲದೆ 2024ರ ಆರಂಭದಿಂದ ಆಡ್‌ಸೆನ್ಸ್ ಹಣ ಎಣಿಸುವುದು ಕ್ಲಿಕ್ಕಿಗಲ್ಲ, ಜಾಹೀರಾತು ಕಾಣಿಸಿದ ಎಣಿಕೆಗೆ.

ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಖಚಿತಪಡಿಸಲು ಅಂಚೆಯಲ್ಲಿ ಒಂದು ಪಿನ್ ಬರುತ್ತದೆ. ನಾನು ಖಾತೆಯಲ್ಲಿ ಅಂಗಡಿಯ ಹಳೆಯ ಜಾಗದ ವಿಳಾಸ ಕೊಟ್ಟಿದ್ದರಿಂದ ಮೊದಲನೆಯದು ಸಿಗಲಿಲ್ಲ, ತಿದ್ದಿ ಮತ್ತೆ ತರಿಸಿದೆ. 100 ಡಾಲರ್ ತುಂಬಿದ ಮೇಲೆಯೇ ಹಣ ಹೊರಡುವುದು. ನನಗೆ ಅದು ತುಂಬಲು 15 ತಿಂಗಳು ಬೇಕಾದವು. ವಿದೇಶದಿಂದ ಹಣ ಬರಲು ಬೇಕಾದ ಬ್ಯಾಂಕಿನ ಸ್ವಿಫ್ಟ್ ಸಂಕೇತ ಕೇಳುತ್ತಾರೆ. ಸಣ್ಣ ಊರಿನ ಶಾಖೆಗಳಿಗೆ ಅದು ಸಾಮಾನ್ಯವಾಗಿ ಇರುವುದಿಲ್ಲ, ವಿದೇಶಿ ವಿನಿಮಯ ನೋಡುವ ದೊಡ್ಡ ಶಾಖೆಯ ಸಂಕೇತವನ್ನು ನಮ್ಮ ಶಾಖೆಯಲ್ಲೇ ಕೇಳಿ ಪಡೆಯಬೇಕು. ಹಣ ಯಾವ ಉದ್ದೇಶಕ್ಕೆ ಬಂತೆಂದು ಬ್ಯಾಂಕು ಕೇಳಿದಾಗ ಜಾಹೀರಾತು ಸೇವೆಯ ಸಂಕೇತವಾದ ಪಿ1007 ಬರೆದುಕೊಟ್ಟೆ. 2025ರ ಮಾರ್ಚ್ ಕೊನೆಯ ವಾರದಲ್ಲಿ ಖಾತೆಗೆ ಸುಮಾರು ಎಂಟೂವರೆ ಸಾವಿರ ರೂಪಾಯಿ ಬಿತ್ತು.

ಬೇರೆ ದಾರಿಗಳು

ನಾವು ಹಾಕಿದ ಕೊಂಡಿ ಒತ್ತಿ ಯಾರಾದರೂ ಕೊಂಡರೆ ಕಮಿಷನ್ ಕೊಡುವ ಅಮೆಜಾನ್‌ನ ಅಸೋಸಿಯೇಟ್ಸ್ ಯೋಜನೆಗೂ ಸೇರಿದ್ದೆ. ನಮ್ಮ ಕೊಂಡಿಯ ಮೂಲಕ 180 ದಿನಗಳಲ್ಲಿ ಮೂರು ಮಾರಾಟ ಆಗದಿದ್ದರೆ ಖಾತೆ ಮುಚ್ಚುತ್ತದೆ. ನನ್ನದು ಹಾಗೆಯೇ ಮುಚ್ಚಿತು, ಏಕೆಂದರೆ ನಾನು ರೈತರು ಓದುವ ಪುಟದಲ್ಲಿ, ತಂತಿಯ ಸುತ್ತ ಹಿಡಿದು ಕರೆಂಟು ಅಳೆಯುವ ಕ್ಲಾಂಪ್ ಮೀಟರಿನ ಕೊಂಡಿ ಹಾಕಿದ್ದೆ. ಕ್ಲಾಂಪ್ ಮೀಟರ್ ಕೊಳ್ಳುವವರು ಇಲೆಕ್ಟ್ರಿಷಿಯನ್ನರು. ಮೀಟರ್ ಆರಿಸುವುದು ಹೇಗೆ, ಮೆಗ್ಗರ್ 500 ವೋಲ್ಟಿನದೇ ಏಕೆ ಎಂದು ಅವರಿಗಾಗಿಯೇ ಎರಡು ಪುಟ ಬರೆದ ಮೇಲೆ ಹೊಸ ಖಾತೆ ನಿಂತಿತು. ಕೊಂಡಿಯಿಂದ ನನಗೆ ಕಮಿಷನ್ ಬರುತ್ತದೆಂದು ಪುಟದ ತಲೆಯಲ್ಲೇ ಬರೆದಿದ್ದೇನೆ. ಬೆಲೆಯನ್ನು ಕೈಯಾರೆ ಬರೆಯುವಂತಿಲ್ಲ, ಅದು ಆಗಾಗ ಬದಲಾಗುತ್ತದೆ. ಇದರಿಂದ ಈವರೆಗೆ ಬಂದದ್ದು ಎರಡು ಸಾವಿರಕ್ಕಿಂತ ಸ್ವಲ್ಪ ಹೆಚ್ಚು.

ಜೋಡಣೆಯ ನಕ್ಷೆಗಳನ್ನು ಕನ್ನಡದ ಹೆಸರುಗಳೊಂದಿಗೆ ಹೊಸದಾಗಿ ಬರೆದು 44 ಪುಟದ ಪಿಡಿಎಫ್ ಕೈಪಿಡಿ ಮಾಡಿ 120 ರೂಪಾಯಿಗೆ ಇಟ್ಟೆ. ಯುಪಿಐಯಲ್ಲಿ ಹಣ ಹಾಕಿದವರಿಗೆ ವಾಟ್ಸಾಪಿನಲ್ಲಿ ನಾನೇ ಕಳುಹಿಸುತ್ತೇನೆ. 163 ಪ್ರತಿ ಹೋಗಿವೆ, ಅಂದರೆ 19,560 ರೂಪಾಯಿ. ಕೊಂಡವರು ಗೆಳೆಯರಿಗೆ ಹಂಚುತ್ತಾರೆ ಎಂಬುದು ಗೊತ್ತಿದೆ. ಜಮಖಂಡಿಯ ಹುಡುಗನೊಬ್ಬ ನಾನು ಮಾರಿದ ಕೈಪಿಡಿಯನ್ನು ನನಗೇ ಕಳುಹಿಸಿ, ‘ಅಣ್ಣಾರ, ಇದು ಭಾಳ ಛಲೋ ಐತಿ, ಇಟ್ಕೋರಿ’ ಎಂದಿದ್ದ. ಅದನ್ನು ಓದಿದವರಲ್ಲಿ ಕೆಲವರು ಕೈಯಲ್ಲಿ ಮಾಡಿ ಕಲಿಯಬೇಕೆಂದು ಕೇಳಿದ್ದರಿಂದ ಭಾನುವಾರಗಳಂದು ಆರು ಆರು ಮಂದಿಯ ಐದು ತರಗತಿ ನಡೆಸಿದೆ, ತಲೆಗೆ 600 ರೂಪಾಯಿ.

ನಾನು ಎಣಿಸದೇ ಇದ್ದ ಗಳಿಕೆ ಅಂಗಡಿಯ ಕಟ್ಟೆಗೇ ಬಂತು. ಹೊಸ ಗಿರಾಕಿ ಬಂದರೆ ಯಾರು ಹೇಳಿದರು ಎಂದು ಕೇಳಿ, ಬ್ಲಾಗ್ ನೋಡಿ ಬಂದವರಾದರೆ ಜಾಬ್ ಪುಸ್ತಕದ ಅಂಚಿನಲ್ಲಿ ‘ಬ್ಲಾ’ ಎಂದು ಬರೆಯುತ್ತೇನೆ. ಕಳೆದ ಹನ್ನೆರಡು ತಿಂಗಳಲ್ಲಿ ಅಂಥ 57 ಕೆಲಸಗಳಿವೆ. ಲೋಕಾಪುರ, ಮಹಾಲಿಂಗಪುರ ಹತ್ತಿರದವು, ಕೆಲವರು ತಾಳಿಕೋಟೆಯಿಂದ ಮೋಟರ್ ಹೇರಿಕೊಂಡು ಬಂದಿದ್ದಾರೆ. ತಂತಿಯ ಬೆಲೆ ಬಿಟ್ಟು ಮಜೂರಿಯನ್ನಷ್ಟೇ ಹಿಡಿದರೂ ಅದು ಜಾಹೀರಾತು, ಕಮಿಷನ್, ಕೈಪಿಡಿ, ತರಗತಿ ಎಲ್ಲವನ್ನೂ ಕೂಡಿಸಿದ್ದಕ್ಕಿಂತ ಹೆಚ್ಚು. ಇದರಲ್ಲಿ ರಿಲೇಯ ಪುಟ ಓದಿ, ತಿರುಪನ್ನು ಸರಿಯಾದ ಅಂಕಿಗೆ ಇಟ್ಟು, ಹಾಗೆ ಇಟ್ಟರೂ ಸ್ಟಾರ್ಟರ್ ಬೀಳುತ್ತದೆಂದು ಮೋಟರ್ ಸುಡುವ ಮೊದಲೇ ತಂದವರು ಅನೇಕರು. ಅವರ ಬಿಲ್ಲು ಸಣ್ಣದು, ಆದರೆ ಮರು ವರ್ಷ ಅವರೇ ಬರುತ್ತಾರೆ.

ಖರ್ಚಿನ ಕಡೆ ವಿಳಾಸದ ವಾರ್ಷಿಕ ಶುಲ್ಕ, ಫೋಟೋ ತೆಗೆಯಲು ಕೊಂಡ ಒಂದು ದೀಪ ಮತ್ತು ಪುಟಕ್ಕೆ ಏಳೆಂಟು ಗಂಟೆಯ ದುಡಿಮೆ ಇವೆ. ಬಂದ ಹಣವನ್ನು ಅಂಗಡಿಯ ವ್ಯವಹಾರದ ಜೊತೆಗೇ ಆದಾಯ ತೆರಿಗೆಯ ವಿವರದಲ್ಲಿ ತೋರಿಸುತ್ತೇನೆ.

ಈಗ ಎಲ್ಲರೂ ಕೇಳುತ್ತಿರುವುದು ಸೋಲಾರ್ ಪಂಪಿನ ಕಂಟ್ರೋಲರ್ ಬಗ್ಗೆ. ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಪಿಎಂ-ಕುಸುಮ್ ಯೋಜನೆಯಲ್ಲಿ ಸೋಲಾರ್ ಪಂಪು ಹಾಕಿಸಿಕೊಂಡವರ ದೂರುಗಳಿಗೆ ಕನ್ನಡದಲ್ಲಿ ಉತ್ತರ ಸಿಗುವುದು ಕಡಿಮೆ, ಬರೆದರೆ ಓದುಗರು ಬರುವುದು ಖಂಡಿತ. ಆದರೆ ನಾನು ಈವರೆಗೆ ಒಂದನ್ನೂ ಬಿಚ್ಚಿಲ್ಲ. ನಿನ್ನೆ ಲೋಕಾಪುರದಿಂದ ಒಂದು ಬಂದಿದೆ; ಜಾಬ್ ಪುಸ್ತಕದಲ್ಲಿ ‘ಮಧ್ಯಾಹ್ನ ಬಿಸಲಾಗ ತಾನ ಬಂದ್ ಆಗ್ತೈತ್ರಿ’ ಎಂದು ಬರೆದುಕೊಂಡು ಮೇಜಿನ ಮೇಲೆ ಇಟ್ಟಿದ್ದೇನೆ, ಪುಟ ಸದ್ಯಕ್ಕೆ ಡ್ರಾಫ್ಟಿನಲ್ಲಿದೆ.